ಸೂಗಪ್ಪ ಕಂಬಿಯ ಎಣ್ಣೆ ತೆಗೆದದ್ದು

ದಿಲ್‌ಸುಖ್‌ನಗರದ ಮೆಟ್ರೋ ಕಂಬಗಳ ಹಿಂದಿನ ಓಣಿಯಲ್ಲಿ, ಕೋಚಿಂಗ್ ಸೆಂಟರುಗಳ ಬೋರ್ಡಿನಡಿ ಅರ್ಧ ಮುಚ್ಚಿಹೋದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೂಗಪ್ಪನನ್ನು ಎಲ್ಲರೂ ಇಂಜಿನಿಯರ್ ಸಾಬ್ ಎಂದೇ ಕರೆಯುತ್ತಿದ್ದರು. ತಾನು ಇಂಜಿನಿಯರ್ ಎಂದು ಸೂಗಪ್ಪ ಯಾರಿಗೂ ಹೇಳಿದವನಲ್ಲ. ಅಲ್ಲ ಎಂದೂ ಹೇಳಿದವನಲ್ಲ.

ಅವನು ಬಾಲಾನಗರದ ಒಂದು ಇಂಜಿನಿಯರಿಂಗ್ ವರ್ಕ್ಸಿನಲ್ಲಿ ಡಿಸ್‌ಪ್ಯಾಚ್ ವಿಭಾಗದವನು. ತಯಾರಾದ ಗೇರು, ಶಾಫ್ಟುಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿ ಅಲುಗಾಡದಂತೆ ಕೂರಿಸಿ, ಚೀಟಿ ಅಂಟಿಸಿ, ಲಾರಿಗೆ ಏರಿಸುವುದು ಅವನ ಕೆಲಸ. ಅವನು ಕಟ್ಟಿದ ಪೆಟ್ಟಿಗೆ ದಾರಿಯಲ್ಲಿ ಒಡೆದ ಉದಾಹರಣೆ ಇರಲಿಲ್ಲ. ಆದರೆ ಈ ಮನೆಗೆ ಬಂದ ಹೊಸದರಲ್ಲಿ ವಾಚ್‌ಮನ್ನು ಅವನ ಕೊರಳಿನ ಕಾರ್ಡಿನಲ್ಲಿ ಕಂಪನಿಯ ಹೆಸರು ಓದುತ್ತಾ, 'ಇಂಜಿನಿಯರ್' ಎಂಬಲ್ಲಿಗೆ ಬಂದಾಗಲೇ ಎದ್ದು ನಿಂತು ಸಲಾಮು ಹೊಡೆದುಬಿಟ್ಟ. ಸಲಾಮು ಹೊಡೆದ ಮನುಷ್ಯನಿಗೆ ಮುಂದಿನ ಅಕ್ಷರಗಳನ್ನೂ ಓದು ಎಂದು ಹೇಳುವುದು ಸೂಗಪ್ಪನಿಗೆ ಸೌಜನ್ಯವೆನಿಸಲಿಲ್ಲ.

ಅಲ್ಲಿಂದ ಶುರು. ಯಾರ ಮನೆಯ ಮಿಕ್ಸರ್ ನಿಂತರೂ, ಗೋಡೆ ಬಿರುಕು ಬಿಟ್ಟರೂ, ಮೋಟರು ನೀರೆತ್ತದಿದ್ದರೂ ಇಂಜಿನಿಯರ್ ಸಾಬ್ ಬೇಕು. ಸೂಗಪ್ಪ ಹೋಗುತ್ತಿದ್ದ, ಗಂಭೀರವಾಗಿ ನೋಡುತ್ತಿದ್ದ, ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದ, ಆಮೇಲೆ "ಲೋಡ್ ಐತ್ರಿ" ಎನ್ನುತ್ತಿದ್ದ. ಮಿಕ್ಸರಿಗೂ ಅದೇ, ಗೋಡೆಗೂ ಅದೇ. ಒಮ್ಮೆ ಯಾರೋ ತಮ್ಮ ಸೊಂಟನೋವಿನ ಬಗ್ಗೆ ಹೇಳಿದಾಗಲೂ ಅದೇ ಹೇಳಿದ. ಅವರಿಗೆ ಗುಣವಾಯಿತು.

ಹೆಂಡತಿ ಉಮಾಬಾಯಿಗೆ ಇದು ಸೇರುತ್ತಿರಲಿಲ್ಲ.

"ರೀ, ಒಂದ್ಸಲ ಖರೇ ಹೇಳಿಬಿಡ್ರಿ. ನನಗ ಮಂದಿ ಮುಂದ ಮಾರಿ ಎತ್ತಿ ಮಾತಾಡಾಕ ಆಗವಲ್ದು."

"ಯಾರರ ಕೇಳಿದ್ರ ಹೇಳ್ತೀನಿ."

"ಇಂಜಿನಿಯರ್ ಅದೀರೇನು ಅಂತ ಯಾರ ಕೇಳ್ತಾರ? ಅದೀರಿ ಅಂತ ತಿಳಕೊಂಡವರು ಕೇಳ್ತಾರೇನು?"

ಸೂಗಪ್ಪ ಚಹಾ ಕೇಳಿದ.

ಹೀಗೆ ವರ್ಷಗಳು ಕಳೆದವು. ಸೂಗಪ್ಪನಿಗೆ ಏನೂ ಗೊತ್ತಿಲ್ಲದೆ ಇದ್ದಷ್ಟು ಕಾಲ ಯಾರಿಗೂ ಅಪಾಯವಾಗಲಿಲ್ಲ. ಅಪಾಯವಾದದ್ದು, ಮೊದಲ ಬಾರಿಗೆ ಅವನಿಗೆ ಗೊತ್ತಿರುವ ವಿಷಯವನ್ನೇ ಜನ ಕೇಳಿದಾಗ.

ಅಪಾರ್ಟ್‌ಮೆಂಟಿನ ಹಳೆಯ ಲಿಫ್ಟನ್ನು ಕಿತ್ತುಹಾಕಿದ್ದರು. ಹೊಸದು ಇನ್ನೂ ಬಂದಿರಲಿಲ್ಲ. ಮೆಟ್ಟಿಲಿನ ಪಕ್ಕದ ಕಬ್ಬಿಣದ ಕಂಬಿ ಅಲ್ಲಲ್ಲಿ ಬಣ್ಣ ಉದುರಿ ತುಕ್ಕು ಹಿಡಿಯತೊಡಗಿತ್ತು. ಸಂಘದ ಅಧ್ಯಕ್ಷರಾದ ಮಲ್ಲಿಕಾರ್ಜುನರು ಸಭೆ ಕರೆದರು. ಅವರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು. ಹಾಲು ಒಡೆದರೂ ಸಭೆ ಕರೆಯುವವರು.

"ಪೇಂಟರ್ ಬರಾಕ ಟೈಮ್ ಐತಿ. ಅಲ್ಲೀತನಕ ತುಕ್ಕು ಹೆಚ್ಚಾಗದಂಗ ತಾಂತ್ರಿಕ ಸಲಹೆ ಕೊಡ್ರಿ, ಇಂಜಿನಿಯರ್ರ."

ಸೂಗಪ್ಪನ ಎದೆ ಉಬ್ಬಿತು. ತುಕ್ಕು ತಡೆಯುವುದೆಂದರೆ ಅವನ ದಿನನಿತ್ಯದ ಕೆಲಸ! ಮರುದಿನವೇ ಸೂಪರ್‌ವೈಸರನ ಒಪ್ಪಿಗೆ ಪಡೆದು, ಡ್ರಮ್ಮಿನ ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ಡಬ್ಬಿಯಲ್ಲಿ ತಂದ. ತಳಮನೆಯಿಂದ ಮೇಲಿನ ಮಹಡಿಯವರೆಗೆ ಇಡೀ ಕಂಬಿಗೆ, ಗೇರಿಗೆ ಸವರುವ ಅದೇ ಪ್ರೀತಿಯಿಂದ, ಒಂದು ಬೆರಳಗಲ ಜಾಗವನ್ನೂ ಬಿಡದೆ ಸವರಿದ.

ತುಕ್ಕು ನಿಂತಿತು. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಗೇರನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆ ಯಾರೂ ಅದನ್ನು ಹಿಡಿದುಕೊಂಡು ಮಹಡಿ ಹತ್ತುವುದಿಲ್ಲ ಎಂಬ ವ್ಯತ್ಯಾಸ ಸೂಗಪ್ಪನಿಗೆ ಹೊಳೆದಿರಲಿಲ್ಲ. ಮೊದಲು ಜಾರಿದವರು ಮಲ್ಲಿಕಾರ್ಜುನರೇ. ಮದುವೆಗೆ ಹೊರಟಿದ್ದ ಅವರ ಬಿಳಿ ಧೋತರದ ಮೇಲೆ ಅವರದೇ ಐದು ಬೆರಳು ಮೂಡಿದವು. ತಳಮನೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಶಾಹೀನ್ ಬೇಗಂ ನೀರಿನ ಟಾಂಕಿ ನೋಡಲು ಮೇಲೆ ಹೋಗಿ, ಬುರ್ಖಾದ ತೋಳನ್ನು ಎಣ್ಣೆಯಲ್ಲಿ ಅದ್ದಿಕೊಂಡು ಬಂದರು. ಎರಡನೇ ಮಹಡಿಯ ಯಾದಗಿರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಅವನದು ಸ್ಕೂಟರ್ ಗ್ಯಾರೇಜು. ಅವನ ಕೈ ಯಾವಾಗಲೂ ಹಾಗೆಯೇ ಇರುತ್ತಿತ್ತು.

ಅಷ್ಟರಲ್ಲಿ ಪೇಂಟರ್ ಬಂದ. ಎಣ್ಣೆಯ ಮೇಲೆಯೇ ಹಸಿರು ಬಣ್ಣ ಬಳಿದ. ಬಣ್ಣ ಒಣಗಲಿಲ್ಲ, ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ಮೆಲ್ಲಗೆ ಕೆಳಗಿಳಿದು, ಮೆಟ್ಟಿಲ ಮೇಲೆ ಬಂದು ಕುಳಿತಿತು. ಪೇಂಟರ್ ಅದನ್ನು ಸ್ವಲ್ಪ ಹೊತ್ತು ನೋಡಿದ. ತನ್ನ ಜೀವಮಾನದಲ್ಲಿ ನಡೆದುಹೋಗುವ ಬಣ್ಣವನ್ನು ನೋಡಿಲ್ಲವೆಂದು ಹೇಳಿ, ಬ್ರಷ್ಷು ಎತ್ತಿಕೊಂಡು ಹೊರಟುಹೋದ.

ಇಲ್ಲಿಯವರೆಗಿನದು ನಗುವ ಮಾತಾಯಿತು. ನಗಲಾಗದ್ದು ಮೂರನೇ ಮಹಡಿಯಲ್ಲಿತ್ತು.

ಅಲ್ಲಿ ಮಲ್ಲಿಕಾರ್ಜುನರ ಅಕ್ಕ ಮಂದಾಕಿನಿಬಾಯಿ ಇದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಮೊಣಕಾಲಿನ ಆಪರೇಶನ್ ಆದಮೇಲೆ ಕಂಬಿ ಹಿಡಿಯದೆ ಮೆಟ್ಟಿಲು ಇಳಿಯುವಂತಿರಲಿಲ್ಲ. ಅವರ ಮನೆತನದಲ್ಲಿ ಹುಟ್ಟಿದ ಪ್ರತಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದವರು ಅವರೇ. ಈಗ ಕಲಬುರ್ಗಿಯಲ್ಲಿ ತಮ್ಮನ ಮಗಳು ಹರ್ಷದಾ ಹಡೆದಿದ್ದಳು. ತೊಟ್ಟಿಲು ಶುಕ್ರವಾರ. ಗುರುವಾರ ಮಧ್ಯಾಹ್ನ ನಾಂಪಲ್ಲಿಯಿಂದ ರೈಲು. ಮಲ್ಲಿಕಾರ್ಜುನರ ಹೆಂಡತಿ ಆಗಲೇ ಅಲ್ಲಿಗೆ ಹೋಗಿದ್ದರು. ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸೋಣವೆಂದು ತಮ್ಮ ಹೇಳಿದಾಗ ಮಂದಾಕಿನಿಬಾಯಿ ಒಂದೇ ಮಾತು ಹೇಳಿದ್ದರು: "ನನ್ನ ಹೊತಗೊಂಡು ಹೋಗೋ ದಿನ ಇನ್ನೂ ಬಂದಿಲ್ಲ, ಮಲ್ಲೂ."

ಬುಧವಾರ ಸಂಜೆ ಮತ್ತೆ ಸಭೆ. ಎಣ್ಣೆಯನ್ನು ತೆಗೆಯುವುದು ಯಾವುದರಿಂದ?

"ಸೀಮೆಎಣ್ಣಿ," ಎಂದರು ಮಲ್ಲಿಕಾರ್ಜುನರು. "ನಮ್ಮಪ್ಪನ ಕಾಲದಿಂದ ಸೈಕಲ್ ಚೈನ್ ಅದರಾಗ ತೊಳದೇವಿ."

"ಕಿರೋಸಿನ್ ಕಾದಣ್ಣಾ, ಪೆಟ್ರೋಲ್!" ಎಂದ ಯಾದಗಿರಿ. "ನಾ ಗ್ಯಾರೇಜ್‌ಲೋ ಅಂತಾ ಪೆಟ್ರೋಲೇ. ಒಂದ್ಸಾರಿ ಒರಸಿದ್ರೆ ಕಾರ್ಬುರೇಟರ್ ಕನ್ನಡಿ ಲಾಗ ಮೆರುಸ್ತದಿ." ಕನ್ನಡದವರ ಜೊತೆ ಅವನು ಮಾತಾಡುತ್ತಿದ್ದ ಭಾಷೆಗೆ ಇನ್ನೂ ಹೆಸರಿಟ್ಟಿಲ್ಲ.

ಶಾಹೀನ್ ಬೇಗಂ ಸೀಸೆಯೊಂದನ್ನು ಮೇಜಿನ ಮೇಲೆ ಕುಕ್ಕಿದರು. ಉಗುರಿನ ಬಣ್ಣ ತೆಗೆಯುವ ಅಸಿಟೋನು. "ಪಕ್ಕಾ ರಂಗ್ ಜಾತಾ ಇಸ್ಸೆ. ತೇಲ್ ಕ್ಯಾ ಚೀಜ್ ಹೈ!" ಗಟ್ಟಿ ಬಣ್ಣವೇ ಹೋಗುವಾಗ ಎಣ್ಣೆ ಯಾವ ಲೆಕ್ಕ ಎಂಬುದು ಅವರ ವಾದ.

ಪೇಂಟರ್ ಬಿಟ್ಟುಹೋಗಿದ್ದ ಥಿನ್ನರಿನ ಡಬ್ಬಿಯೂ ಅಲ್ಲಿತ್ತು. ಅದರ ಪರವಾಗಿ ಮಾತಾಡುವವರಿಲ್ಲದ್ದರಿಂದ ಅದನ್ನು ಸಂಘದ ಅಭ್ಯರ್ಥಿ ಎಂದು ಪರಿಗಣಿಸಲಾಯಿತು.

ಎಲ್ಲರ ಕಣ್ಣೂ ಸೂಗಪ್ಪನ ಮೇಲೆ ಬಿದ್ದವು. ಒಂದನ್ನು ಆರಿಸಿದರೆ ಉಳಿದವರು ಮುನಿಯುತ್ತಾರೆ. ಸೂಗಪ್ಪ ಕಂಬಿಯನ್ನು ಎರಡು ಸಲ ತಟ್ಟಿದ. ಬೆರಳು ಜಾರಿತು.

"ಪರೀಕ್ಷಾ ಮಾಡೋಣ್ರಿ," ಎಂದ. "ಒಂದೊಂದು ಮಹಡಿಗೆ ಒಂದೊಂದು. ಯಾವುದು ಚಲೋ ತೆಗೀತದ ನೋಡಿ, ಅದನ್ನ ಎಲ್ಲಾ ಕಡಿ ಹಚ್ಚೋಣು. ಒರಸಾಂವ ನಾನೇ. ಒರಸೋ ಅರಿವಿನೂ ಒಂದೇ. ಒಬ್ಬರಿಗೆ ಹೊಸ ಅರಿವಿ, ಒಬ್ಬರಿಗೆ ಹಳೇದು ಅಂತ ಪಕ್ಷಪಾತ ಇರಬಾರದು."

ಈ ನ್ಯಾಯಬುದ್ಧಿಗೆ ಸಭೆ ತಲೆದೂಗಿತು. ಮಲ್ಲಿಕಾರ್ಜುನರ ಕಣ್ಣು ಒದ್ದೆಯಾದದ್ದನ್ನು ಕಂಡವರಿದ್ದಾರೆ.

ಗುರುವಾರ ಬೆಳಿಗ್ಗೆ ಸೂಗಪ್ಪ ರಜೆ ಹಾಕಿ, ಉಮಾಬಾಯಿಯ ಹಳೆಯ ಸೀರೆಯ ಒಂದು ತುಂಡು ಹಿಡಿದು ಕೆಲಸಕ್ಕೆ ನಿಂತ. ತಳಮನೆಯ ಕಂಬಿಗೆ ಸೀಮೆಎಣ್ಣೆ: ಎಣ್ಣೆ ಕರಗಿತು, ಆದರೆ ಒರೆಸಿದಷ್ಟೂ ಕಂಬಿ ತನ್ನದೇ ಹೊಸ ಜಿಡ್ಡಿನಿಂದ ಹೊಳೆಯಿತು. ಮೊದಲ ಮಹಡಿಗೆ ಥಿನ್ನರ್: ಅದು ಎಣ್ಣೆಯನ್ನು ಬಿಟ್ಟು ಹಳೆಯ ಬಣ್ಣವನ್ನು ಹಿಡಿದುಕೊಂಡಿತು, ಕಂಬಿ ಬೆಲ್ಲದ ಪಾಕದಂತಾಯಿತು. ಎರಡನೆಯದಕ್ಕೆ ಪೆಟ್ರೋಲು: ಕ್ಷಣದಲ್ಲಿ ಹೊಳಪು ಬಂತು, ಕ್ಷಣದಲ್ಲಿ ತಲೆಸುತ್ತೂ ಬಂತು, ಕೈಯಿಟ್ಟರೆ ಮತ್ತೆ ಜಾರು. ಮೂರನೆಯದಕ್ಕೆ ಅಸಿಟೋನು: ಒರೆಸುವ ಮೊದಲೇ ಆರಿಹೋಗಿ, ಎಣ್ಣೆಯನ್ನು ಇದ್ದಲ್ಲೇ ಬಿಟ್ಟು, ತಾನು ಮಾತ್ರ ಹಾರಿಹೋಯಿತು.

ಪಕ್ಷದವರು ತಂತಮ್ಮ ಮಹಡಿಯಲ್ಲಿ ನಿಂತು ತಮ್ಮದೇ ಗೆದ್ದಿತೆಂದು ಕೂಗುತ್ತಿದ್ದರು. ಸೂಗಪ್ಪ ಅದೇ ಬಟ್ಟೆ ಹಿಡಿದು ಮೇಲೆ ಕೆಳಗೆ ಓಡುತ್ತಿದ್ದ. ಮಂದಾಕಿನಿಬಾಯಿ ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಇಳಕಲ್ ಸೀರೆಯುಟ್ಟು, ಚೀಲ ಪಕ್ಕದಲ್ಲಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದರು.

ನಾಲ್ಕೂ ವಾಸನೆ ಒಟ್ಟಾಗಿ ಮೆಟ್ಟಿಲ ದಾರಿ ಹಿಡಿದು ಮೇಲೇರಿದವು. ಮೇಲಿನ ಮಹಡಿಯಲ್ಲಿ ಯಾರೋ ಗ್ಯಾಸ್ ಸೋರುತ್ತಿದೆಯೆಂದು ಫೋನು ಮಾಡಿದರು. ಓಣಿಯಲ್ಲಿ ಗಂಟೆ ಬಾರಿಸುತ್ತಾ ಅಗ್ನಿಶಾಮಕದ ಗಾಡಿ ಬಂದು ನಿಂತಿತು. ಕೋಚಿಂಗ್ ಸೆಂಟರಿನ ಹುಡುಗರೆಲ್ಲ ಪಾಠ ಬಿಟ್ಟು ಕಿಟಕಿಗೆ ಬಂದರು.

ಅಧಿಕಾರಿ ಒಳಗೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡು, "ಇನ್‌ಚಾರ್ಜ್ ಎವರು?" ಎಂದು ಗುಡುಗಿದರು.

ಅಪಾರ್ಟ್‌ಮೆಂಟಿನಲ್ಲಿ ಅಂಥ ಒಗ್ಗಟ್ಟು ಹಿಂದೆಂದೂ ಕಂಡಿರಲಿಲ್ಲ. ಎಲ್ಲ ಕೈಗಳೂ ಒಂದೇ ಕಡೆ ತೋರಿಸಿದವು. "ಇಂಜಿನಿಯರ್ ಸಾಬ್!"

"ಓ, ಇಂಜಿನಿಯರಾ? ಮಂಚಿದಿ." ಅಧಿಕಾರಿಯ ದನಿ ಸ್ವಲ್ಪ ತಗ್ಗಿತು. ಪೆಟ್ರೋಲಿನ ಬಾಟಲಿಯನ್ನು ಎತ್ತಿ ಹಿಡಿದರು. "ದೀನಿ ಫ್ಲ್ಯಾಶ್ ಪಾಯಿಂಟ್ ತೆಲುಸಾ ಮೀಕು?"

ಎಷ್ಟು ಬಿಸಿಗೆ ಇದರ ಆವಿಗೆ ಬೆಂಕಿ ತಗಲುತ್ತದೆ ಎಂದು ಅವರು ಕೇಳಿದ್ದು. ಸೂಗಪ್ಪನಿಗೆ ಗೊತ್ತಿದ್ದ ಪಾಯಿಂಟುಗಳೆಲ್ಲ ಗೋಡೆಯ ಮೇಲಿದ್ದವು.

"ಪಾಯಿಂಟ್ ಎರಡನೇ ಮಹಡಿ ಗ್ವಾಡಿ ಮ್ಯಾಲ ಐತ್ರಿ," ಎಂದ ವಿನಯದಿಂದ. "ಬಲ್ಬ್ ಹೋಗೇತಿ."

ಮಲ್ಲಿಕಾರ್ಜುನರು ಅದನ್ನು ತೆಲುಗಿಗೆ ಅನುವಾದಿಸಿದರು. ಅಧಿಕಾರಿ ಬಾಟಲಿಯನ್ನು ಕೆಳಗಿಟ್ಟರು. ಆಮೇಲೆ ಹಿಂದಿಯಲ್ಲಿ, ಮೆಲ್ಲಗೆ, ಯಾವ ಕಾಲೇಜಿನಲ್ಲಿ ಓದಿದಿರಿ ಎಂದು ಕೇಳಿದರು.

ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಸೂಗಪ್ಪ ಮೇಲೆ ನೋಡಿದ. ಪ್ರತಿ ಮಹಡಿಯ ಕಂಬಿಯಿಂದ ಮುಖಗಳು ಬಗ್ಗಿದ್ದವು. ಪಕ್ಕದಲ್ಲಿ ಉಮಾಬಾಯಿ ಸೆರಗಿನ ತುದಿ ಹಿಡಿದು ನೆಲ ನೋಡುತ್ತಿದ್ದಳು. ಅವಳ ಆ ತಗ್ಗಿದ ತಲೆಯನ್ನು ಕಂಡು ಅವನು ಅಧಿಕಾರಿಯತ್ತ ತಿರುಗಿದ.

"ಕಾಲೇಜಿಗೆ ಹೋಗಿಲ್ರಿ," ಎಂದ. "ನಾ ಇಂಜಿನಿಯರ್ ಅಲ್ಲ. ಡಿಸ್‌ಪ್ಯಾಚ್‌ನ್ಯಾಂವ. ಪೆಟ್ಟಿಗಿ ಕಟ್ತೀನಿ, ಲಾರಿಗೆ ಏರಸ್ತೀನಿ."

ಮಲ್ಲಿಕಾರ್ಜುನರು, ಮನೆಯ ಪಾಯವೇ ಕುಸಿದವರಂತೆ, ಕೇಳಿದರು: "ಮತ್ತ ನೀವು 'ಲೋಡ್ ಐತಿ, ಲೋಡ್ ಐತಿ' ಅಂತಿದ್ದದ್ದು?"

"ಲಾರಿ ಲೋಡ್ ರಿ. ನನಗ ಗೊತ್ತಿದ್ದ ಇಂಗ್ಲಿಷ್ ಶಬ್ದ ಅದೊಂದ."

ಅಧಿಕಾರಿ ನಗಲಿಲ್ಲ. ಒಂದು ಕಿಡಿ ಬಿದ್ದಿದ್ದರೆ ಈ ಮೆಟ್ಟಿಲೇ ಚಿಮಣಿಯಾಗುತ್ತಿತ್ತು, ಮೇಲಿದ್ದವರು ಯಾರೂ ಇಳಿಯುತ್ತಿರಲಿಲ್ಲ ಎಂದರು. ಮೇಲಿದ್ದವರೆಂದರೆ ಮೊದಲು ಸೂಗಪ್ಪನಿಗೆ ನೆನಪಾದದ್ದು ಮೂರನೇ ಮಹಡಿಯ ಕುರ್ಚಿ. ಅಧಿಕಾರಿ ಕಿಟಕಿ ಬಾಗಿಲುಗಳನ್ನೆಲ್ಲ ತೆರೆಸಿ, ವಾಸನೆ ಹೋಗುವವರೆಗೂ ಅಲ್ಲೇ ನಿಂತು, ನಾಲ್ಕೂ ದ್ರವಗಳನ್ನು ಗಾಡಿಗೆ ಹಾಕಿಸಿಕೊಂಡು, ಇನ್ನೊಮ್ಮೆ ಹೀಗಾದರೆ ಕೇಸು ಎಂದು ಹೇಳಿ ಹೋದರು. ನೆರೆಯವರು ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡರು. ಯಾದಗಿರಿ ಮಾತ್ರ ಹೋಗುತ್ತಾ, ತನ್ನ ಸ್ಕೂಟರಿಗೆ ಹೋದ ತಿಂಗಳು ಸೂಗಪ್ಪ ಹೇಳಿದ ರಿಪೇರಿಯನ್ನು ನೆನೆದು ನಿಟ್ಟುಸಿರಿಟ್ಟ.

ಸೂಗಪ್ಪ ಮೆಟ್ಟಿಲ ಮೇಲೆ ಕುಳಿತ. ಕೈಯಲ್ಲಿ ಅದೇ ಬಟ್ಟೆ.

"ಏಳ್ರಿ ಒಳಗ," ಎಂದಳು ಉಮಾಬಾಯಿ. ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

"ಅಕ್ಕಾರ ರೈಲು?"

"ಅದನ್ನ ಅವರ ತಮ್ಮ ನೋಡ್ಕೋತಾರ."

"ಎಣ್ಣಿ ಹಚ್ಚಿದಾಂವ ನಾನು."

ಅವನು ಎದ್ದು ಒಳಗಿಂದ ಒಂದು ತಂಬಿಗೆ ನೀರು ತಂದು ಕಂಬಿಯ ಮೇಲೆ ಸುರಿದ. ವರ್ಕ್ಸಿನಲ್ಲಿ ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ವಿಭಾಗದವರು ಪ್ರತಿ ತುಂಡಿನ ಮೇಲೂ ಹಾಗೆ ನೀರು ಬಿಡುವುದನ್ನು ಅವನು ನೋಡಿದ್ದ. ಎಣ್ಣೆ ಉಳಿದಿದ್ದರೆ ನೀರು ಮಣಿಮಣಿಯಾಗಿ ನಿಲ್ಲುತ್ತದೆ; ಚೊಕ್ಕವಾಗಿದ್ದರೆ ಹಾಳೆಯಂತೆ ಹರಡುತ್ತದೆ. ತಳಮನೆಯಲ್ಲಿ ನೀರು ಮಣಿಯಾಯಿತು. ಮೊದಲ ಮಹಡಿಯಲ್ಲೂ ಮಣಿ. ಎರಡು, ಮೂರು, ಎಲ್ಲ ಕಡೆ ಮಣಿ. ನಾಲ್ಕು ಬೇರೆಬೇರೆ ದ್ರವ, ಒಂದೇ ಫಲಿತಾಂಶ! ಸೂಗಪ್ಪ ಗೊಂದಲದಿಂದ ಬೆವರು ಒರೆಸಿಕೊಳ್ಳಲು ಕೈಯಲ್ಲಿದ್ದ ಬಟ್ಟೆಯನ್ನೇ ಎತ್ತಿದ. ಹಣೆಯೆಲ್ಲ ಎಣ್ಣೆಯಾಯಿತು.

ಬಟ್ಟೆಯನ್ನು ಬಿಡಿಸಿ ನೋಡಿದ. ಇಡೀ ಕಟ್ಟಡದ ಎಣ್ಣೆ ಅದರಲ್ಲಿತ್ತು. ಒಂದು ಮಹಡಿಯಲ್ಲಿ ತೆಗೆದದ್ದನ್ನು ಇನ್ನೊಂದು ಮಹಡಿಗೆ ತಾನೇ ಪ್ರಾಮಾಣಿಕವಾಗಿ ಹಂಚುತ್ತಾ ಬಂದಿದ್ದ. ಸೀಮೆಎಣ್ಣೆ, ಥಿನ್ನರು, ಪೆಟ್ರೋಲು, ಅಸಿಟೋನು ತಂತಮ್ಮ ಕೈಲಾದಷ್ಟು ದುಡಿದಿದ್ದವು. ಅವುಗಳ ದುಡಿಮೆಯನ್ನೆಲ್ಲ ಪಕ್ಷಪಾತವಿಲ್ಲದ ಈ ಬಟ್ಟೆ ತಿಂದುಹಾಕಿತ್ತು.

"ಉಮಾ! ಅರಿವಿ! ಇದ್ದಷ್ಟು ಅರಿವಿ ತಾ!"

ಉಮಾಬಾಯಿ ಕಪಾಟಿನ ತಳ ಬರಿದು ಮಾಡಿದಳು. ಹಳೆ ಸೀರೆ, ಪಂಚೆ, ದಿಂಬಿನ ಚೀಲ, ಎಲ್ಲ ಹರಿದು ತುಂಡಾದವು. ಬೆಂಕಿಯ ಭಯವಿಲ್ಲದ್ದೆಂದರೆ ಒಂದೇ ಉಳಿದಿತ್ತು: ಬಕೆಟಿನಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೇಲೊಂದಿಷ್ಟು ವಾಷಿಂಗ್ ಸೋಡಾ. ಅವಳು ಸೋಪುನೀರು ಹಚ್ಚಿ ಉಜ್ಜಿದಳು, ಅವನು ಒರೆಸಿದ. ಒರೆಸಿದ ತುಂಡನ್ನು ಮತ್ತೆ ಕಂಬಿಗೆ ಮುಟ್ಟಿಸದೆ ಪಕ್ಕಕ್ಕೆ ಎಸೆದ. ಮೂರನೇ ಮಹಡಿಯಿಂದ ಹೀಗೆ ಇಳಿಯುತ್ತಾ ಬಂದರು. ಬಟ್ಟೆ ಮುಗಿದಾಗ ಎರಡನೇ ಮಹಡಿಯ ಬಾಗಿಲು ತೆರೆಯಿತು. ಯಾದಗಿರಿ ಒಂದು ಹಳೆಯ ಲುಂಗಿ ಕೊಟ್ಟ. ಕೆಳಗಿನಿಂದ ಶಾಹೀನ್ ಬೇಗಂ ಪಾರ್ಲರಿನ ಟವೆಲುಗಳನ್ನು ಹೊತ್ತು ತಂದರು. ಮಲ್ಲಿಕಾರ್ಜುನರು ಐದು ಬೆರಳು ಮೂಡಿದ್ದ ಆ ಧೋತರವನ್ನು ತಂದು, ಎದೆಗೊಮ್ಮೆ ಒತ್ತಿಕೊಂಡು, ಹರಿದರು.

ಕೊನೆಗೆ ಸೂಗಪ್ಪ ಮತ್ತೆ ತಂಬಿಗೆ ಎತ್ತಿದ. ನೀರು ಹಾಳೆಯಂತೆ ಹರಡಿತು. ಎಲ್ಲೂ ಒಂದು ಮಣಿ ನಿಲ್ಲಲಿಲ್ಲ.

ಒಣಬಟ್ಟೆಯಿಂದ ಕಂಬಿ ಒರೆಸಿ ಎಲ್ಲರೂ ಮೂರನೇ ಮಹಡಿಗೆ ಓಡಿದರು. "ಅಕ್ಕಾರ, ಈಗ ಹಿಡೀರಿ!" ಎಂದ ಸೂಗಪ್ಪ ಏದುಸಿರು ಬಿಡುತ್ತಾ.

ಮಂದಾಕಿನಿಬಾಯಿ ಎದ್ದು, ಕಂಬಿಯ ಮೇಲೆ ಕೈಯಿಟ್ಟು, ಎಲ್ಲರ ಮುಖವನ್ನೂ ಹಾಜರಿ ತೆಗೆದುಕೊಳ್ಳುವವರಂತೆ ನೋಡಿದರು.

"ಮುಂಜಾನಿಂದ ಇಲ್ಲಿ ಕುಂತೀನಿ," ಎಂದರು. "ಪೆಟ್ರೋಲ್ ತಂದ್ರಿ, ಥಿನ್ನರ್ ತಂದ್ರಿ, ಫೈರ್ ಇಂಜಿನ್ನೂ ತಂದ್ರಿ. ಒಬ್ಬರರ 'ನನ್ನ ಕೈ ಹಿಡಕೊಂಡು ಇಳೀರಿ' ಅಂದ್ರೇನು?"

ಮಲ್ಲಿಕಾರ್ಜುನರು ಧೋತರದ ತುಂಡನ್ನು ಮಡಚುತ್ತಾ, "ನೀನರ ಕೇಳಬೇಕಿತ್ತವಾ," ಎಂದರು.

"ಕೇಳಿದ್ರ ಅದಕ್ಕೂ ಒಂದು ಮೀಟಿಂಗ್ ಕರೀತಿದ್ದಿ."

ಸೂಗಪ್ಪ ಕೈ ಮುಂದೆ ಮಾಡಿದ. ಥಿನ್ನರು, ಸೋಡಾ ತಿಂದು ಅಂಗೈ ಬೆಳ್ಳಗೆ ಬಿರಿದಿತ್ತು. ಮಂದಾಕಿನಿಬಾಯಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಆ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಎಲ್ಲರೂ ಹಿಂದೆ ಹಿಂದೆ, ಮೆರವಣಿಗೆಯಂತೆ ಬಂದರು. ಆಟೋ ಹತ್ತಿದ ಮೇಲೂ ಅವರು ಕೈ ಬಿಡಲಿಲ್ಲ.

"ಸ್ಟೇಷನ್ನಿನ್ಯಾಗೂ ಮೆಟ್ಟಿಲ ಅದಾವ. ಹತ್ರಿ, ಸೂಗಪ್ಪನವರ."

ಆ ಅಪಾರ್ಟ್‌ಮೆಂಟಿನಲ್ಲಿ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಸೂಗಪ್ಪ ಹತ್ತಿ ಕುಳಿತ. ಇನ್ನೊಂದು ಆಟೋದಲ್ಲಿ ಮಲ್ಲಿಕಾರ್ಜುನರು, ಅಕ್ಕನ ಜೊತೆ ಪ್ರಯಾಣ ಮಾಡಬೇಕಾದವರು, ಸಾಮಾನಿನೊಂದಿಗೆ ಹಿಂಬಾಲಿಸಿದರು.

ನಾಂಪಲ್ಲಿ ಸ್ಟೇಷನ್ನಿನ ಬಾಗಿಲಲ್ಲಿ ಪೊಲೀಸನೊಬ್ಬ ಮೂಗು ಅರಳಿಸಿ ಸೂಗಪ್ಪನನ್ನು ತಡೆದ. ಸೀಮೆಎಣ್ಣೆ, ಪೆಟ್ರೋಲು ಎರಡೂ ನಾರುವ ಮನುಷ್ಯನನ್ನು ಯಾವ ಪೊಲೀಸನೂ ರೈಲಿನ ಹತ್ತಿರ ಬಿಡುವುದಿಲ್ಲ. ಜೇಬು ತಡಕಿಸಿಕೊಂಡು, ಎರಡೂ ಕೈ ಎತ್ತಿ ನಿಂತ ಸೂಗಪ್ಪನನ್ನು ಬಂದುಹೋಗುವವರೆಲ್ಲ ನೋಡಿದರು. ಮಂದಾಕಿನಿಬಾಯಿ ಕಾದರು. ಪೊಲೀಸ್ ತಡಕಿ ಮುಗಿಸಿದ ಮೇಲೆ, "ನಮ್ಮ ಮನೀ ಮಂದಿ," ಎಂದು ಕನ್ನಡದಲ್ಲೇ ಹೇಳಿ ಮತ್ತೆ ಕೈ ಚಾಚಿದರು. ಆ ದನಿಗೆ ಭಾಷಾಂತರ ಬೇಕಾಗಲಿಲ್ಲ. ಪೊಲೀಸ್ ಪಕ್ಕಕ್ಕೆ ಸರಿದ.

ರೈಲಿನಲ್ಲಿ ಸೂಗಪ್ಪ ಅವರನ್ನು ಕಿಟಕಿಯ ಹತ್ತಿರ ಕೂರಿಸಿದ. ಚೀಲವನ್ನು ಅಲುಗಾಡದಂತೆ ಸೀಟಿನಡಿ ಒತ್ತಿಟ್ಟ, ನೀರಿನ ಬಾಟಲಿ ಕೈಗೆಟುಕುವಲ್ಲಿ ಸಿಕ್ಕಿಸಿದ, ಮೊಣಕಾಲಿಗೆ ಆಸರೆಯಾಗಿ ಶಾಲು ಮಡಚಿಟ್ಟ. ಮಲ್ಲಿಕಾರ್ಜುನರು ನಿಂತು ನೋಡುತ್ತಿದ್ದರು. ಅಂಥ ಅಚ್ಚುಕಟ್ಟು ಕೆಲಸವನ್ನು ಅವರು ತಮ್ಮ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲವಂತೆ. ಹಾಗೆಂದು ಮುಂದೆ ಒಂದು ಸಭೆಯಲ್ಲಿ ಹೇಳಿದರು.

ರೈಲು ಹೋಯಿತು. ಮೆಟ್ರೋದಲ್ಲಿ ಸೂಗಪ್ಪನ ಎರಡೂ ಬದಿಯ ಸೀಟು ದಿಲ್‌ಸುಖ್‌ನಗರದವರೆಗೂ ಖಾಲಿಯಾಗಿಯೇ ಇದ್ದವು.

ಮನೆಗೆ ಬಂದು ಸ್ನಾನ ಮಾಡಿದ. ಮತ್ತೊಮ್ಮೆ ಮಾಡಿದ. ವಾಸನೆ ಹೋಗಲಿಲ್ಲ. "ಏನಂದ್ರು ಅಕ್ಕಾರು?" ಎಂದು ಒಲೆಯ ಮುಂದಿನಿಂದಲೇ ಕೇಳಿದಳು ಉಮಾಬಾಯಿ.

"ಏನೂ ಅನ್ನಲಿಲ್ಲ. ತಿರುಗಿ ಬರೋ ದಿನಾ ಸ್ಟೇಷನ್ನಿಗೆ ಬರ್ರಿ ಅಂದ್ರು."

ಉಮಾಬಾಯಿ ಅವನ ತಾಟನ್ನು ಎಂದಿನ ಜಾಗದಲ್ಲಿ ಇಡಲು ಹೋದವಳು, ಮೂಗು ಮುಚ್ಚಿಕೊಂಡು, ಬಾಲ್ಕನಿಯ ಬಾಗಿಲಿಗೆ ಒಯ್ದು ಇಟ್ಟಳು. ಸೂಗಪ್ಪ ಅಲ್ಲಿ ಹೋಗಿ ಕುಳಿತು ರೊಟ್ಟಿ ಮುರಿದ. ಸ್ವಲ್ಪ ಹೊತ್ತಿಗೆ ಅವಳು ತನ್ನ ತಾಟನ್ನೂ ತಂದು, ಸೆರಗನ್ನು ಮೂಗಿಗೆ ಒತ್ತಿಕೊಂಡು, ಅವನ ಪಕ್ಕದಲ್ಲೇ ಕುಳಿತಳು.